ಇನ್ನೊಬ್ಬರನ್ನು ಹತ್ತಿಸಿಕೊಳ್ಳಬಾರದಿತ್ತೇ?

ನೆರೆಯಲ್ಲಿ ಸಿಕ್ಕಿಕೊಂಡವರನ್ನು ಹೆಲಿಕಾಪ್ಟರ್ ಎತ್ತುವ ವಿಡಿಯೊ ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಒಳಗೆ ಜಾಗವಿತ್ತಲ್ಲ, ಇನ್ನೊಬ್ಬರನ್ನು ಹತ್ತಿಸಿಕೊಳ್ಳಬಾರದಿತ್ತೇ?’ ಜಾಗದ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಇಂಥವರು 1944ರ ಬರ್ಮಾದ ಪ್ರಸಂಗವನ್ನು ತಿಳಿದುಕೊಳ್ಳಬೇಕು.

ಆ ಏಪ್ರಿಲ್‌ನಲ್ಲಿ, ಜಪಾನೀಯರ ಹಿಡಿತದಲ್ಲಿದ್ದ ಕಾಡಿನೊಳಗೆ ಅಮೆರಿಕದ ಪುಟ್ಟ ವಿಮಾನವೊಂದು ಬಿತ್ತು. ಅದರಲ್ಲಿದ್ದವರು ಪೈಲಟ್ ಎಡ್ ಹ್ಲಾಡೊವ್ಚಾಕ್ ಮತ್ತು ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರು. ಅಲ್ಲಿ ವಿಮಾನ ಇಳಿಸುವಂತಿರಲಿಲ್ಲ. ಕರೆ ಹೋದದ್ದು ನಮ್ಮ ಅಸ್ಸಾಮಿನ ಲಾಲಾಘಾಟ್‌ಗೆ, ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್‌ಗೆ. ಅವರ ಕೈಯಲ್ಲಿದ್ದದ್ದು ಸಿಕೋರ್ಸ್ಕಿ ಕಂಪನಿಯ ವೈಆರ್-4ಬಿ, ಅಂದರೆ ಆರ್-4 ಹೆಲಿಕಾಪ್ಟರ್‌ನ ಒಂದು ಮಾದರಿ.

ಆರ್-4 ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಹೆಲಿಕಾಪ್ಟರ್‌ಗಳಲ್ಲೊಂದು ಎನ್ನುತ್ತಾರೆ. ದೊಡ್ಡ ಪ್ರಮಾಣ ಎಂದರೆ ಎಷ್ಟು? ಒಟ್ಟು 131! ಮೊದಲ ಮಾದರಿ ಹಾರಿದ್ದು 1942ರ ಜನವರಿಯಲ್ಲಿ. ರೋಟರ್‌ನ, ಅಂದರೆ ನೆತ್ತಿಯ ಮೇಲೆ ತಿರುಗುವ ಚಕ್ರದ, ಅಲಗುಗಳಿಗೆ ಹೊದಿಸಿದ್ದು ಬಟ್ಟೆ. ಸೀಟು ಎರಡು, ವೈಆರ್-4ಬಿಯ ಎಂಜಿನ್ 200 ಅಶ್ವಶಕ್ತಿಯಷ್ಟೂ ಇಲ್ಲ. ಸಾಲದ್ದಕ್ಕೆ ಬರ್ಮಾದ ಸೆಕೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ರೋಟರ್‌ಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನೂ ಸೊರಗುತ್ತದೆ. ಹಾಗಾಗಿ ಪೈಲಟ್‌ನ ಜೊತೆಗೆ ಒಬ್ಬನೇ ಒಬ್ಬ. ನಾಲ್ವರಿಗೆ ನಾಲ್ಕು ಸರದಿ.

ಹಾರ್ಮನ್ ಅಲ್ಲಲ್ಲಿ ಇಳಿಯುತ್ತ, ಇಂಧನ ತುಂಬಿಸಿಕೊಳ್ಳುತ್ತ, ಬೆಟ್ಟ ದಾಟಿ ಬರ್ಮಾ ತಲುಪಿದರು. 25ರಂದು ಒಬ್ಬ ಗಾಯಾಳುವನ್ನು ಎತ್ತಿ ನದಿಯ ಮರಳ ದಂಡೆಯಲ್ಲಿ ಇಳಿಸಿದರು. ಅಲ್ಲಿಂದ ಮುಂದಕ್ಕೆ ಒಯ್ಯಲು ಸಣ್ಣ ವಿಮಾನ ಕಾದಿತ್ತು. ಎರಡನೆಯವನನ್ನು ತರುವಷ್ಟರಲ್ಲಿ ಹೆಲಿಕಾಪ್ಟರ್‌ನ ಎಂಜಿನ್ ವಿಪರೀತ ಬಿಸಿಯಾಗಿ ಕೈಕೊಟ್ಟಿತು. ಕಾಡಿನಲ್ಲಿ ಇನ್ನೂ ಇಬ್ಬರು, ಸುತ್ತ ಶತ್ರುಗಳು. ಹಾರ್ಮನ್ ರಾತ್ರಿಯಿಡೀ ಆ ಮರಳಿನ ಮೇಲೆ. ಮರುದಿನ ಉಳಿದ ಇಬ್ಬರನ್ನೂ ತಂದರು. ಯುದ್ಧಭೂಮಿಯಲ್ಲಿ ಹೆಲಿಕಾಪ್ಟರ್ ನಡೆಸಿದ ಮೊದಲ ರಕ್ಷಣೆಗಳಲ್ಲಿ ಇದೊಂದು. (ಈ ಹಾರ್ಮನ್ ಮುಂದೆ ಸಂಗೀತ ವಿಮರ್ಶಕರಾದರು!)

ನಮ್ಮ ವಾಯುಪಡೆಗೆ ಮೊದಲ ಹೆಲಿಕಾಪ್ಟರ್ ಬಂದದ್ದು 1954ರಲ್ಲಿ, ಅದೂ ಸಿಕೋರ್ಸ್ಕಿಯದೇ ಎಸ್-55. ಇಂದಿನವು ಎಷ್ಟೋ ಪಾಲು ಬಲಶಾಲಿ, ನಿಜ. ಆದರೂ ಹೊರಡುವ ಮುನ್ನ ಬಿಸಿಲು, ಎತ್ತರ, ಇಂಧನ, ತೂಕ ಇವಿಷ್ಟನ್ನೂ ಕೂಡಿ ಕಳೆಯದೆ ಯಾವ ಪೈಲಟ್ಟೂ ಮೇಲೇಳುವುದಿಲ್ಲ. ಹೆಚ್ಚು ಜನರನ್ನು ಎತ್ತಬೇಕೆಂದರೆ ಹತ್ತಿರದ ಒಣ ನೆಲದಲ್ಲಿ ಇಳಿಸಿ ಬೇಗ ಮರಳುವುದೇ ದಾರಿ. ‘ಊರು ಮುಟ್ಟಿಸದೆ ಬಯಲಲ್ಲಿ ಬಿಟ್ಟು ಹೋದರು’ ಎಂಬ ಇನ್ನೊಂದು ದೂರಿಗೂ ಉತ್ತರ ಅಲ್ಲೇ ಇದೆ.