ಟಿಆರ್‌ಎಲ್ ನಾಲ್ಕಿದ್ದರೆ ನಾಲ್ಕು ಅಂತಲೇ ಬರೀರಿ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಿಂದ, ಹೆಬ್ಬಾಳ, ಕೂರ್ಗಳ್ಳಿಯ ಶೆಡ್ಡುಗಳಿಂದ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರಿಗೆ ಈ ಮಾತು. ಅರ್ಜಿಯಲ್ಲಿ ಟಿಆರ್‌ಎಲ್ (ಟೆಕ್ನಾಲಜಿ ರೆಡಿನೆಸ್ ಲೆವೆಲ್) ಅಂತ ಒಂದು ಕಾಲಂ ಇರುತ್ತೆ. ತಂತ್ರಜ್ಞಾನ ಎಷ್ಟು ಹದಕ್ಕೆ ಬಂದಿದೆ ಅನ್ನೋದಕ್ಕೆ ಒಂದರಿಂದ ಒಂಬತ್ತರ ಒಳಗೆ ಒಂದು ಅಂಕಿ. ಮಿಕ್ಕ ಪುಟಗಳಿಗೆ ವಾರಗಟ್ಟಲೆ ಕೂರುವವರು ಈ ಅಂಕಿಯನ್ನು ಅರ್ಧ ನಿಮಿಷದಲ್ಲಿ ತುಂಬಿಬಿಡ್ತಾರೆ. ಆರು ಅಂತಲೋ ಏಳು ಅಂತಲೋ. ಒಳ್ಳೊಳ್ಳೆ ಕೆಲಸಗಳು ಮುಗ್ಗರಿಸೋದು ಇಲ್ಲೇ. ಹೊಟ್ಟೆ ಉರಿಯುತ್ತೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಈ ಅಳತೆ ಹುಟ್ಟಿದ್ದು ನಾಸಾದಲ್ಲಿ, 1970ರ ದಶಕದಲ್ಲಿ. ಮೊದಲು ಏಳು ಮೆಟ್ಟಿಲಿತ್ತು, ಆಮೇಲೆ ಒಂಬತ್ತಾಯ್ತು. ಅದು ಕೇಳೋದು ಇಷ್ಟನ್ನೇ: ಈ ವಸ್ತುವನ್ನು ಎಲ್ಲಿ ಇಟ್ಟು ಪರೀಕ್ಷೆ ಮಾಡಿದ್ರಿ, ಎಷ್ಟು ಭಾಗ ಜೋಡಿಸಿ ಮಾಡಿದ್ರಿ, ಏನು ಸಿಕ್ತು. ನಿಮ್ಮ ಬುದ್ಧಿ ಎಷ್ಟು ಚುರುಕು, ಮಾರುಕಟ್ಟೆ ಎಷ್ಟು ದೊಡ್ಡದು ಅನ್ನೋ ಲೆಕ್ಕ ಇದರಲ್ಲಿಲ್ಲ.

ನಮ್ಮ ಕಡೆಯ ಆಲೆಮನೆಯನ್ನೇ ತಗೊಳ್ಳಿ. ಪಾಕದ ಹದ ನೋಡಿ ಕೂಗು ಹಾಕುವ ಒಂದು ಯಂತ್ರ ಮಾಡ್ತೀವಿ ಅಂದುಕೊಳ್ಳೋಣ. ಸಕ್ಕರೆ ಗಟ್ಟಿಯಾದಷ್ಟೂ ಕುದಿಯುವ ಉಷ್ಣತೆ ಏರುತ್ತೆ, ಇದು ಗೊತ್ತಿರುವ ತತ್ವ: ಟಿಆರ್‌ಎಲ್ ಒಂದು. ಉಷ್ಣತೆ ಅಳೆದು ಹದ ಹೇಳಬಹುದು ಅಂತ ಕಾಗದದ ಮೇಲೆ ವಿನ್ಯಾಸ ಬಂದ್ರೆ ಎರಡು. ಒಲೆ ಮೇಲೆ ಬಾಣಲೆ ಇಟ್ಟು, ಥರ್ಮಾಮೀಟರ್ ಹಿಡಿದು, ಇಂಥ ಡಿಗ್ರಿಗೆ ಇಂಥ ಹದ ಅಂತ ಅಂಕಿ ಬರೆದ್ರೆ ಮೂರು. ಪ್ರೋಬ್ (ಪಾಕದಲ್ಲಿ ಅದ್ದಿ ಉಷ್ಣತೆ ಅಳೆಯುವ ಕಡ್ಡಿ), ಬೋರ್ಡು, ಬಜರ್ ಎಲ್ಲಾ ಜೋಡಿಸಿ ಕಾಲೇಜಿನ ಲ್ಯಾಬಲ್ಲಿ ಐದು ಲೀಟರ್ ಕಬ್ಬಿನ ಹಾಲು ಕಾಯಿಸಿ ತೋರಿಸಿದ್ರೆ ನಾಲ್ಕು. ಬಹಳಷ್ಟು ತಂಡಗಳು ನಿಜವಾಗಿ ನಿಂತಿರೋದು ಇಲ್ಲಿ. ನಾಲ್ಕು ಅಂದ್ರೆ ಸಣ್ಣ ಸಾಧನೆ ಏನಲ್ಲ.

ನಾಲ್ಕರಿಂದ ಐದಕ್ಕೆ, ಅಂದ್ರೆ ಲ್ಯಾಬಿನಿಂದ ಆಲೆಮನೆಗೆ, ಹೋಗುವಾಗಲೇ ಯಂತ್ರದ ನಿಜ ಬಣ್ಣ ತಿಳಿಯೋದು. ಕೊಪ್ಪರಿಗೆಯಲ್ಲಿ ಪ್ರೋಬನ್ನು ಅರ್ಧ ಆಳಕ್ಕೆ ಕಟ್ಟಿರ್ತೀರಿ. ಕಬ್ಬಿನ ಹಾಲಿನ ಬ್ರಿಕ್ಸ್ (ಅದರಲ್ಲಿ ಕರಗಿರುವ ಸಕ್ಕರೆಯಂಥ ವಸ್ತುಗಳ ಶೇಕಡಾ ತೂಕ) ಸುಮಾರು 20 ಅಂದ್ರೆ ನೂರು ಕೆ.ಜಿ.ಯಲ್ಲಿ 80 ಕೆ.ಜಿ. ನೀರು. ಅದೆಲ್ಲ ಆವಿಯಾಗಿ ಪಾಕ ತಳಕ್ಕೆ ಇಳಿಯುವ ಹೊತ್ತಿಗೆ ನಿಮ್ಮ ಪ್ರೋಬ್ ಗಾಳಿಯಲ್ಲಿ ನೇತಾಡ್ತಾ ಹಬೆಯ ಉಷ್ಣತೆ ಹೇಳ್ತಿರುತ್ತೆ. ಸರಿ ಅಂತ ತಳಕ್ಕೆ ತಾಗಿಸಿದ್ರೆ ಪಾಕದ ಬದಲು ಕೊಪ್ಪರಿಗೆಯ ಕಾವು ಹೇಳುತ್ತೆ. ತಳದಿಂದ ಎರಡು ಬೆರಳು ಮೇಲೆ, ಪಾಕದ ಜೊತೆ ಇಳಿಯುವ ತೋಳು ಬೇಕು. ಇನ್ನು ಪ್ರೋಬಿನ ಮೇಲೆ ಪಾಕ ಕೂತು ಗಟ್ಟಿಯಾಗಿ ಕವಚ ಕಟ್ಟುತ್ತೆ, ಅಳತೆ ತಡವಾಗುತ್ತೆ. ಪಾಕ ನಿಮಿಷಕ್ಕೆ ಎರಡು ಡಿಗ್ರಿ ಏರುವ ಹೊತ್ತಲ್ಲಿ ಅರ್ಧ ನಿಮಿಷ ತಡ ಅಂದ್ರೆ ಒಂದು ಡಿಗ್ರಿ ತಪ್ಪು. ಪಾಕ ಇಳಿಸುವಾಗ ಕೊಪ್ಪರಿಗೆ ಎತ್ತುತ್ತಾರೆ, ತಂತಿ ಕಿತ್ತುಬರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಗಟ್ಟಿ ಬೆಲ್ಲಕ್ಕೆ 118 ಡಿಗ್ರಿ ಆಸುಪಾಸು ಅಂತ ಓದಿ ಅದನ್ನೇ ಪ್ರೋಗ್ರಾಮಲ್ಲಿ ಕೂರಿಸ್ತಾರೆ. ಆ ಅಂಕಿ ಯಾವ ಎತ್ತರದ ಊರಲ್ಲಿ ಅಳೆದದ್ದು? ಮಂಡ್ಯ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ, ಇಲ್ಲಿ ನೀರೇ 98ರ ಹತ್ತಿರ ಕುದಿಯುತ್ತೆ. ಅಷ್ಟೇ ಗಟ್ಟಿಯ ಪಾಕವೂ ಎರಡು ಡಿಗ್ರಿ ಮೊದಲೇ ಹದಕ್ಕೆ ಬರುತ್ತೆ. ತಗ್ಗಿನ ಊರಿನ ಅಂಕಿಗೆ ಕಾದು ಕೂತ್ರೆ ಪಾಕ ಸೀಯುತ್ತೆ. ದಿನಾ ಬೆಳಿಗ್ಗೆ ಅದೇ ಪ್ರೋಬಲ್ಲಿ ಕುದಿಯುವ ನೀರು ಅಳೆದು, ಅಲ್ಲಿಂದ ಎಷ್ಟು ಏರಿತು ಅಂತ ಲೆಕ್ಕ ಇಟ್ಟರೆ ಈ ತೊಂದರೆ ಇರಲ್ಲ. ಲ್ಯಾಬ್ ಅಳತೆಗೂ ಜಾಗದ ಅಳತೆಗೂ ಇರುವ ಅಂತರ ಅಂದ್ರೆ ಇಂಥದ್ದೇ.

ಮುಖ್ಯ ಭಾಗಗಳನ್ನು ನಿಜವಾದ ಹೊಗೆ, ಹಬೆ, ಹಾಲಿನ ನಡುವೆ ಜೋಡಿಸಿ ಪರೀಕ್ಷೆ ಮಾಡಿದ್ರೆ ಐದು. ಪೆಟ್ಟಿಗೆ, ವಿದ್ಯುತ್ತು, ತೋಳು ಸಮೇತ ಪೂರ್ತಿ ಮಾದರಿ ಅಂಥದ್ದೇ ವಾತಾವರಣದಲ್ಲಿ ಕೆಲಸ ಮಾಡಿದ್ರೆ ಆರು. ನೀವು ಪಕ್ಕದಲ್ಲಿಲ್ಲದೆ, ವ್ಯಾಪಾರಕ್ಕೆ ನಡೆಯುವ ಆಲೆಮನೆಯಲ್ಲಿ, ಪಾಕ ನೋಡುವವರೇ ಅದನ್ನು ಬಳಸಿದ್ರೆ ಏಳು. ಎಂಟು, ಒಂಬತ್ತು ಅಂದ್ರೆ ಯಂತ್ರ ಪೂರ್ತಿ ಸಿದ್ಧ; ಅಲ್ಲಿರುವವರಿಗೆ ಬೇಕಾದ್ದು ಗಿರಾಕಿ ಮತ್ತು ಸಾಲ.

ಇನ್ನು ಎಲ್ಲರೂ ಎಡವುವ ಜಾಗ: ಸರಾಸರಿ. ಪ್ರೋಬ್ ಮಾರುಕಟ್ಟೆಯಲ್ಲಿ ಸಿಗುವ ಪಿಟಿ100 ಅನ್ನೋ ಉಷ್ಣತೆಯ ಸೆನ್ಸರ್, ಅದು ಒಂಬತ್ತು. ಸಾಫ್ಟ್‌ವೇರ್ ಐದು. ಇಳಿಯುವ ತೋಳು ಇನ್ನೂ ರಟ್ಟಿನ ಮಾದರಿ, ಮೂರು. ಕೂಡಿಸಿ ಭಾಗಿಸಿ 'ಟಿಆರ್‌ಎಲ್ 6' ಅಂತ ಬರೀಬೇಡಿ. ಇಡೀ ಯಂತ್ರದ ಮಟ್ಟ ಮೂರೇ. ಎತ್ತು ಎರಡೂ ಗಟ್ಟಿ ಇದ್ದು ನೊಗ ಮುರಿದಿದ್ರೆ ಗಾಡಿ ಹೊರಡಲ್ಲ. ಆ ಒಂಬತ್ತು ಕೂಡ ಬೇರೆ ಜಾಗದಲ್ಲಿ ಸಂಪಾದಿಸಿದ್ದು. ಕಾರ್ಖಾನೆಯಲ್ಲಿ ಬಾಳಿದ ಪ್ರೋಬ್ ಪಾಕದಲ್ಲಿ ಬಾಳುತ್ತಾ ಅಂತ ತೋರಿಸುವವರೆಗೂ ಅದನ್ನೂ ಕೆಳಗೇ ಇಡಬೇಕು.

ಹೆಚ್ಚು ಬರೆದ್ರೆ ಲಾಭ ಅನ್ನೋ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಪ್ರತಿ ಯೋಜನೆಯೂ ಒಂದು ನಿರ್ದಿಷ್ಟ ಮೆಟ್ಟಿಲಿಗೆ ಹಣ ಇಟ್ಟಿರುತ್ತೆ. ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆ ಕೊಡುವ 10 ಲಕ್ಷದವರೆಗಿನ ಹಣ ಐಡಿಯಾವನ್ನು ಪ್ರೊಟೊಟೈಪ್ (ಕೆಲಸ ಮಾಡುವ ಮಾದರಿ) ಮಾಡೋಕೆ. ಜೈವಿಕ ತಂತ್ರಜ್ಞಾನಕ್ಕಿರುವ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನ 50 ಲಕ್ಷದವರೆಗೆ, 18 ತಿಂಗಳು, ಜೈವಿಕ ತಂತ್ರಜ್ಞಾನದಲ್ಲಿ ತತ್ವ ಸಾಬೀತು ಮಾಡೋಕೆ. 2021ರಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನ ನಿಯಮದಲ್ಲಿ ಪ್ರೊಟೊಟೈಪ್ ಮತ್ತು ಪ್ರಯೋಗಕ್ಕೆ 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯೋಕೆ 50 ಲಕ್ಷದವರೆಗೆ ಸಾಲ ಅಥವಾ ಡಿಬೆಂಚರ್ (ಸಾಲಪತ್ರ). 'ಟಿಆರ್‌ಎಲ್ 8' ಅಂತ ಬರೆದು ಪ್ರೊಟೊಟೈಪ್ ಹಣ ಕೇಳಿದ್ರೆ, ಆಗಲೇ ಆಗಿಹೋದ ಕೆಲಸಕ್ಕೆ ದುಡ್ಡು ಯಾಕೆ ಅಂತ ಕೇಳೋದು ನ್ಯಾಯವೇ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ, ನಾವೀನ್ಯ) ಯೋಜನೆ ನಾಲ್ಕು ಮತ್ತು ಅದಕ್ಕೂ ಮೇಲಿನ ಮಟ್ಟದವರಿಗೆ. ಅದು ಕಡಿಮೆ ಬಡ್ಡಿಯ ಸಾಲ ಮತ್ತು ಬಂಡವಾಳದ ರೂಪದಲ್ಲಿ ಬರುವ ಹಣ. ಅನುದಾನ ಅಂದ್ಕೊಂಡು ಮನೆಯವರಿಗೆ ಹೇಳಬೇಡಿ. ಮಿತಿ, ಅರ್ಹತೆ ಆಗಾಗ ಬದಲಾಗ್ತವೆ, ಆಯಾ ಸಲದ ಪ್ರಕಟಣೆಯನ್ನು ಪೂರ್ತಿ ಓದಿ.

ಅಂಕಿಗೆ ಸಾಕ್ಷಿ ಬೇಕು. ಒಂದು ಪುಟದ ಕೋಷ್ಟಕ ಸಾಕು: ಭಾಗದ ಹೆಸರು, ಈಗಿನ ಮಟ್ಟ, ಎಲ್ಲಿ ಎಂದು ಪರೀಕ್ಷೆ ಆಯ್ತು, ಎಷ್ಟು ಸಲ, ಎಷ್ಟು ಸಲ ಸೋತಿತು, ಮುಂದೆ ಏನು. ಸೋತದ್ದನ್ನು ಮುಚ್ಚಬೇಡಿ. ಇಪ್ಪತ್ತು ಕೊಪ್ಪರಿಗೆಯಲ್ಲಿ ಹದಿನಾಲ್ಕು ಸರಿ, ಆರು ತಪ್ಪು, ಆರರಲ್ಲಿ ನಾಲ್ಕು ಪ್ರೋಬ್ ಕವಚದಿಂದ ಅಂತ ಬರೆದವರ ಮೇಲೆ ನಂಬಿಕೆ ಹುಟ್ಟುತ್ತೆ. ಇಪ್ಪತ್ತಕ್ಕೆ ಇಪ್ಪತ್ತು ಅಂದವರನ್ನು ಪರಿಣತರು ಇನ್ನಷ್ಟು ಕೆದಕ್ತಾರೆ. ಬೆಲ್ಲದ ಗುಣಮಟ್ಟವನ್ನು ಹೊರಗಿನವರ ಕೈಲಿ ಅಳೆಸಿ; ಮೈಸೂರಲ್ಲೇ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಕಬ್ಬಿನ ವಿಷಯ ಕೇಳೋಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇದೆ. ಆಲೆಮನೆ ಮಾಲೀಕರ ಪತ್ರ ತಗೊಳ್ಳುವಾಗ 'ಯಂತ್ರ ಬಹಳ ಚೆನ್ನಾಗಿದೆ' ಅನ್ನೋ ಸಾಲು ಯಾತಕ್ಕೂ ಬರಲ್ಲ. ಎಷ್ಟು ದಿನ ಬಳಸಿದ್ರು, ಎಷ್ಟು ಕೊಪ್ಪರಿಗೆ, ಯಾವಾಗ ಕೈಕೊಟ್ಟಿತು, ಯಾರು ಸರಿ ಮಾಡಿದ್ರು, ಇಷ್ಟು ಅವರ ಮಾತಲ್ಲೇ, ಸಹಿ ತಾರೀಕು ಸಮೇತ ಇರಲಿ.

ಬಜೆಟ್ಟೂ ಈ ಕೋಷ್ಟಕದಿಂದಲೇ ಹುಟ್ಟಬೇಕು. ಮೂರರಲ್ಲಿರುವ ತೋಳನ್ನು ಐದಕ್ಕೆ ತರಲು ಎಷ್ಟು ಸ್ಟೀಲು, ಎಷ್ಟು ವೆಲ್ಡಿಂಗ್, ಎಷ್ಟು ದಿನದ ಆಲೆಮನೆ ಬಾಡಿಗೆ, ಅಷ್ಟೇ. ಹಣ ಸಾಮಾನ್ಯವಾಗಿ ಕಂತಿನಲ್ಲಿ ಬರುತ್ತೆ, ಮೈಲಿಗಲ್ಲು ಮುಟ್ಟಿದ ಮೇಲೆ ಮುಂದಿನ ಕಂತು. ನಾಲ್ಕನ್ನು ಆರು ಅಂತ ಬರೆದು ಹಣ ಸಿಕ್ಕಿಬಿಟ್ರೆ ನಿಜವಾದ ಕಷ್ಟ ಆಗ ಶುರು: ಮೊದಲ ಮೈಲಿಗಲ್ಲೇ ಏಳು ಅಂತ ಇರುತ್ತೆ, ಕೈಯಲ್ಲಿರೋದು ಲ್ಯಾಬಿನ ಮಾದರಿ, ಎರಡನೇ ಕಂತು ನಿಲ್ಲುತ್ತೆ, ಖರ್ಚಾದ ಹಣಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು. ಹಾಗಾಗಿ ಅರ್ಜಿ ಕಳಿಸುವ ಮೊದಲು ಆ ಒಂದು ಪುಟವನ್ನು ನಿಮ್ಮ ತಂಡದಲ್ಲಿಲ್ಲದ ಒಬ್ಬ ಮೇಷ್ಟ್ರ ಕೈಗೆ, ಒಬ್ಬ ಆಲೆಮನೆಯವರ ಕೈಗೆ ಕೊಟ್ಟು, ಪ್ರತಿ ಸಾಲಿಗೂ 'ಎಲ್ಲಿ ನೋಡಿದ್ರಿ?' ಅಂತ ಕೇಳಿಸಿಕೊಳ್ಳಿ. ಉತ್ತರ ಇಲ್ಲದ ಸಾಲಿನಲ್ಲಿ ಒಂದು ಅಂಕಿ ಇಳಿಸಿ.