ಅದು ಕುಡಿದದ್ದಲ್ಲ ಸಾರ್, ಕಕ್ಕಿದ್ದು

ಸಣ್ಣ ವಿಮಾನ ಇಟ್ಟುಕೊಂಡವರು ಇಬ್ಬರು ಎದುರಾದರೆ ಮಾತು ಹವಾಮಾನದಿಂದ ಶುರುವಾಗಿ, ಬಿಡಿಭಾಗಗಳ ರೇಟಿಗೆ ಹೋಗಿ, ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ನಿಮ್ಮದು ಗಂಟೆಗೆ ಎಷ್ಟು ಕುಡಿಯುತ್ತೆ?’ ಪೆಟ್ರೋಲಿನ ವಿಚಾರವಲ್ಲ, ಅದು ಎಲ್ಲರಿಗೂ ಗೊತ್ತಿರುವ ದುಃಖ. ಕೇಳುತ್ತಿರುವುದು ಇಂಜಿನ್ ಆಯಿಲಿನ ಬಗ್ಗೆ. ಉತ್ತರ ಮಾತ್ರ ಕುಡಿಯುವ ಗಂಡಸಿನ ಬಗ್ಗೆ ಮನೆಯವರು ಹೇಳುವ ಹಾಗೇ ಇರುತ್ತದೆ: ‘ಅಯ್ಯೋ, ಅಷ್ಟೇನಿಲ್ಲಪ್ಪ, ಯಾವಾಗಲೋ ಒಂಚೂರು.’ ಅದರ ಹಿಂದೆಯೇ ಪಕ್ಕದವರ ಇಂಜಿನ್ ಎಷ್ಟು ಕುಡಿಯುತ್ತದೆ ಎಂಬ ಪಕ್ಕಾ ಲೆಕ್ಕ ಹೊರಬೀಳುತ್ತದೆ.

ನಮ್ಮದು ನಾಲ್ಕು ಸೀಟು, ನಾಲ್ಕು ಸಿಲಿಂಡರು, ಇಬ್ಬರು ಯಜಮಾನರು. ನಾನೂ ಒಬ್ಬ ಗೆಳೆಯನೂ ಅರ್ಧರ್ಧ ದುಡ್ಡು ಹಾಕಿ ತೆಗೆದುಕೊಂಡದ್ದು. ಇಂಜಿನ್ನಿನ ತಳದಲ್ಲಿರುವ ಸಂಪಿನಲ್ಲಿ ಎಂಟು ಕ್ವಾರ್ಟ್ ಆಯಿಲ್ ಹಿಡಿಸುತ್ತದೆ. ಕ್ವಾರ್ಟ್ ಅಂದರೆ 946 ಮಿ.ಲೀ., ಲೀಟರಿಗೆ ಒಂದು ಗುಟುಕು ಕಮ್ಮಿ. ಆಕಾಶದಲ್ಲಿರುವಾಗ ಆಯಿಲ್ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ಪ್ರೆಶರ್ ಮತ್ತು ಶಾಖದ ಮೀಟರ್ ಮಾತ್ರ. ಅಳತೆ ಏನಿದ್ದರೂ ನೆಲದ ಮೇಲೆ, ಡಿಪ್‌ಸ್ಟಿಕ್ ಎಂಬ ಕಡ್ಡಿಯಿಂದ.

ಆ ಕಡ್ಡಿಯ ಮಹಿಮೆ ಹೇಳಿ ಮುಗಿಯುವಂಥದ್ದಲ್ಲ. ಮೊದಲಿಗೆ ಅದು ಈಚೆಗೇ ಬರುವುದಿಲ್ಲ. ಅದರ ಮುಚ್ಚಳವನ್ನು ಬೆರಳ ತುದಿಯಲ್ಲಿ ತಿರುಗಿಸಿ ಬಿಟ್ಟರೆ ಸಾಕು. ನನ್ನ ಪಾಲುದಾರನಿಗೆ ಅಷ್ಟರಿಂದ ಸಮಾಧಾನವಿಲ್ಲ. ಹಾರಿ ಬಂದು ಇಂಜಿನ್ ಬಿಸಿಯಾಗಿರುವಾಗಲೇ ಉಸಿರು ಬಿಗಿಹಿಡಿದು ಒಂದು ಸುತ್ತು ಜಾಸ್ತಿ ತಿರುಗಿಸುತ್ತಾನೆ. ಬೆಳಿಗ್ಗೆ ತಣ್ಣಗಾದ ಮೇಲೆ ಅದನ್ನು ಬಿಚ್ಚಲು ನಾನು ಕಾಲೂರಿ, ಹಲ್ಲು ಕಚ್ಚಿ, ಅವನ ವಂಶವನ್ನೆಲ್ಲ ನೆನೆಯಬೇಕು. ಈಚೆ ಬಂದ ಕಡ್ಡಿಯನ್ನು ಹಳೇ ಬನಿಯನ್ನಿನಲ್ಲಿ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಹೊಸ ಆಯಿಲ್ ಅಷ್ಟು ತಿಳಿ. ಕಡ್ಡಿಯನ್ನು ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೊಳಪು ಎಲ್ಲಿ ನಿಂತಿದೆ ಎಂದು ಹುಡುಕಬೇಕು. ನಾನು ಆರು ಅಂತೀನಿ, ಅವನು ಐದೂವರೆ ಅಂತಾನೆ, ಪಕ್ಕದ ಹ್ಯಾಂಗರಿನವರು ಸುಮ್ಮನೆ ಬಂದು ಇಣುಕಿ ಏಳು ಅಂತಾರೆ. ಸಾಲದ್ದಕ್ಕೆ ಇಂಜಿನ್ ನಿಲ್ಲಿಸಿದ ತಕ್ಷಣ ನೋಡಿದರೆ ಒಂದು ಲೆಕ್ಕ, ಮೇಲೆಲ್ಲ ಮೆತ್ತಿಕೊಂಡ ಆಯಿಲ್ ನಿಧಾನಕ್ಕೆ ಸಂಪಿಗೆ ಇಳಿದ ಮೇಲೆ ನೋಡಿದರೆ ಇನ್ನೊಂದು ಲೆಕ್ಕ. ವಿಮಾನ ನಿಂತ ನೆಲ ಇಳಿಜಾರಾಗಿದ್ದರೆ ಮೂರನೆಯದು.

ಪಾಲುದಾರನ ಇನ್ನೊಂದು ಸ್ವಭಾವ, ಕಮ್ಮಿ ಕಂಡರೆ ತುಂಬಿಸುವುದು. ಎಂಟು ಹಿಡಿಯುತ್ತೆ ಅಂದಮೇಲೆ ಎಂಟೂ ಇರಬೇಕು ಎಂಬುದು ಅವನ ಧರ್ಮ. ಅವನು ತುಂಬಿಸಿ ಹೋಗುತ್ತಾನೆ, ಹಾರಿ ಬಂದು ನೋಡಿದರೆ ಏಳು. ಮತ್ತೆ ತುಂಬಿಸುತ್ತಾನೆ, ಮತ್ತೆ ಏಳು. ನಮ್ಮ ಲಾಗ್ ಪುಸ್ತಕ ಓದಿದವರಿಗೆ ಈ ಇಂಜಿನ್ನಿಗೆ ಇನ್ನು ಹೆಚ್ಚು ದಿನವಿಲ್ಲ ಅನ್ನಿಸಬೇಕು. ಇಂಜಿನ್ ಬಿಚ್ಚಿಸಿಯೇ ಬಿಡೋಣ ಎಂದು ಅವನು ಹೊರಟಾಗ ಮೆಕ್ಯಾನಿಕ್ ಏನೂ ಬಿಚ್ಚಲಿಲ್ಲ. ವಿಮಾನದ ಕೆಳಗೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಬೆರಳು ಎಳೆದು, ಕಪ್ಪಾದ ಬೆರಳನ್ನು ನಮ್ಮ ಮುಖದೆದುರು ಹಿಡಿದ. ‘ಅದು ಕುಡಿದದ್ದಲ್ಲ ಸಾರ್, ಕಕ್ಕಿದ್ದು. ಆರು ಕ್ವಾರ್ಟಿಗೇ ಬಿಡಿ, ಆಮೇಲೆ ನೋಡಿ.’

ವಿಷಯ ಇಷ್ಟೇ. ಪಿಸ್ಟನ್ನಿಗೆ ಬಳೆಯಂತೆ ತೊಡಿಸಿದ ರಿಂಗುಗಳ ಸಂದಿಯಿಂದ ಸ್ವಲ್ಪ ಬಿಸಿ ಅನಿಲ ಇಂಜಿನ್ನಿನ ನಡುಗೂಡಾದ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಲೇ ಇರುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಎಂಬ ಪೈಪು ಇದೆ. ಸಂಪು ಗಂಟಲಮಟ್ಟ ತುಂಬಿದ್ದರೆ ತಿರುಗುವ ಭಾಗಗಳು ಎಬ್ಬಿಸಿದ ಆಯಿಲಿನ ಮಂಜು ಆ ಗಾಳಿಯ ಜತೆ ಸೇರಿ ಹೊರಟುಬಿಡುತ್ತದೆ, ವಿಮಾನದ ಹೊಟ್ಟೆಯುದ್ದಕ್ಕೂ ಬಳಿದುಕೊಳ್ಳುತ್ತದೆ. ಮೇಲಿನ ಒಂದೆರಡು ಕ್ವಾರ್ಟನ್ನು ಇಂಜಿನ್ ಇಟ್ಟುಕೊಳ್ಳುವುದೇ ಇಲ್ಲ. ಹಾಗಾದರೆ ಎಂಟು ಯಾಕೆ? ಟ್ಯಾಂಕಿನ ಪೆಟ್ರೋಲ್ ಮುಗಿಯುವವರೆಗೂ ಇಂಜಿನ್ ಗರಿಷ್ಠ ಮಿತಿಯಷ್ಟು ಆಯಿಲ್ ಸುಡುತ್ತಾ ಹೋದರೂ ಸಾಲಬೇಕು ಎಂಬ ನಿಯಮಕ್ಕಾಗಿ. ನಿಜಕ್ಕೂ ಲೈಕಮಿಂಗ್ ಎಂಬ ಕಂಪನಿಯ O-320 ಥರದ ಇಂಜಿನ್ನಿಗೆ ಸಂಪಿನಲ್ಲಿ ಕನಿಷ್ಠ ಇರಬೇಕಾದ್ದು ಎರಡೇ ಕ್ವಾರ್ಟ್. ಹಾಗಂತ ಯಾರೂ ಎರಡಿಟ್ಟುಕೊಂಡು ಹಾರುವುದಿಲ್ಲ, ಬಿಡಿ.

ಆ ಗರಿಷ್ಠ ಮಿತಿ ಕೇಳಿದರೆ ಇನ್ನೂ ಮಜಾ. 0.006ನ್ನು ಹಾರ್ಸ್‌ಪವರ್‌ನಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, 7.4ರಿಂದ ಭಾಗಿಸಿ ಎನ್ನುತ್ತದೆ ಲೈಕಮಿಂಗ್ ಕಂಪನಿಯ ಸೂತ್ರ. 7.4 ಪೌಂಡು ಅಂದರೆ ಒಂದು ಗ್ಯಾಲನ್ ಆಯಿಲಿನ ತೂಕ, ನಾಲ್ಕು ಅಂದರೆ ಗ್ಯಾಲನ್ನಿಗೆ ನಾಲ್ಕು ಕ್ವಾರ್ಟ್. 160 ಹಾರ್ಸ್‌ಪವರಿಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 0.52 ಕ್ವಾರ್ಟ್. ಎರಡು ಗಂಟೆಗೆ ಒಂದು ಬಾಟಲಿ ಎತ್ತಿದರೂ ಕಾಗದದ ಮೇಲೆ ಅದು ಸಭ್ಯ ಇಂಜಿನ್ನೇ! ನನ್ನ ಕೇಳಿದರೆ ಈ ಮಿತಿಯನ್ನು ನೆಚ್ಚಿಕೊಂಡು ಕೂರುವುದು ತಪ್ಪು. ಹತ್ತು ಗಂಟೆಗೆ ಒಂದು ಕ್ವಾರ್ಟ್ ಮುಗಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ನಾಲ್ಕು ಗಂಟೆಗೆ ಮುಗಿಸಿದರೆ ಮಿತಿಯೊಳಗಿದ್ದರೂ ಎದೆ ಧಸಕ್ಕೆನ್ನಬೇಕು.

ನಮ್ಮದು ಹಾಗೇ ಮಾಡಿತು. ಆರಕ್ಕೆ ಬಿಟ್ಟು, ಹೊಟ್ಟೆ ಒಣಗಿ, ಇನ್ನೇನು ಸಂಸಾರ ದಾರಿಗೆ ಬಂತು ಅನ್ನುವಾಗ ನಿಜವಾಗಿಯೂ ಕುಡಿಯಲು ಶುರು ಮಾಡಿತು. ಒಂದು ಸಿಲಿಂಡರಿನ ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಆಯಿಲಿನಲ್ಲಿ ತೊಯ್ದು ಹೋಗಿತ್ತು. ವಿಚಿತ್ರವೆಂದರೆ ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂದು ನೋಡುವ ಕಂಪ್ರೆಶನ್ ಪರೀಕ್ಷೆಯಲ್ಲಿ ಆ ಸಿಲಿಂಡರ್ ಫಸ್ಟ್ ಕ್ಲಾಸ್. ಒತ್ತಡ ಹಿಡಿಯುವ ರಿಂಗುಗಳು ಬೇರೆ, ಗೋಡೆಯ ಆಯಿಲ್ ಬಳಿದು ಕೆಳಗಿಳಿಸುವ ರಿಂಗು ಬೇರೆ. ಕೈಕೊಟ್ಟಿದ್ದು ಎರಡನೆಯದು.

ಸಿಲಿಂಡರನ್ನು ಹೋನ್ ಮಾಡಿ, ಅಂದರೆ ಒಳಗೋಡೆ ಉಜ್ಜಿ, ಹೊಸ ರಿಂಗು ಹಾಕಿ ಕೊಟ್ಟ ಮೆಕ್ಯಾನಿಕ್ ಕೈಮುಗಿಯುವಂತೆ ಹೇಳಿದ: ‘ಸಾರ್, ಮುಲಾಜಿಲ್ಲದೆ ಓಡಿಸಿ. ಎಪ್ಪತ್ತೈದು ಪರ್ಸೆಂಟ್ ಪವರ್. ತುಂಬ ಎತ್ತರಕ್ಕೆ ಹೋಗಬೇಡಿ, ನೆಲದ ಮೇಲೆ ಸುಮ್ಮನೆ ಓಡಿಸ್ತಾ ನಿಲ್ಲಬೇಡಿ.’ ಒಳಗೆ ತುಂಬಿಸಿದ್ದು ಏನೂ ಬೆರೆಸದ ಸಾದಾ ಮಿನರಲ್ ಆಯಿಲ್. ಆದರೆ ಮೊದಲ ಸರದಿ ಪಾಲುದಾರನದು. ಹೊಸ ರಿಂಗು, ಪಾಪ, ನೋಯದಿರಲಿ ಎಂದು ನೆಲದ ಮೇಲೆ ಆರಾಮಾಗಿ ಬಿಸಿ ಮಾಡಿ, ಆಮೇಲೆ ಅರ್ಧ ಪವರಿನಲ್ಲಿ ಮೆಲ್ಲಗೆ ಊರೆಲ್ಲ ಸುತ್ತಿಸಿಕೊಂಡು ಬಂದ. ಇದನ್ನೇ ದಿನಾ ಮಾಡಿದ. ನನಗೆ ಕೊಡಲೂ ಇಲ್ಲ, ‘ನಿನ್ನ ಕೈ ಒರಟು’ ಅಂತ.

ಸಿಲಿಂಡರಿನ ಒಳಗೋಡೆಗೆ ಬೇಕೆಂದೇ ಅಡ್ಡಡ್ಡ ಸಣ್ಣ ಗೀರು ಹಾಕಿರುತ್ತಾರೆ. ಜೋರಾಗಿ ಓಡಿಸಿದಾಗ ಉರಿಯುವ ಅನಿಲದ ಒತ್ತಡ ರಿಂಗನ್ನು ಗೋಡೆಗೆ ಅದುಮುತ್ತದೆ, ಗೀರಿನ ಏಣುಗಳೂ ರಿಂಗಿನ ಅಂಚೂ ಒಂದನ್ನೊಂದು ಸವೆಸಿಕೊಂಡು ಹೊಂದಿಕೊಳ್ಳುತ್ತವೆ. ನಯನಾಜೂಕು ಮಾಡಿದರೆ ರಿಂಗು ಆಯಿಲಿನ ಪದರದ ಮೇಲೆಯೇ ಜಾರಾಡುತ್ತದೆ. ಆ ಪದರ ಶಾಖಕ್ಕೆ ಬೆಂದು ಗಟ್ಟಿಯಾಗಿ, ಗೀರುಗಳನ್ನೆಲ್ಲ ಮುಚ್ಚಿ, ಗೋಡೆಗೆ ಮೆರುಗು ಬಂದುಬಿಡುತ್ತದೆ. ಒಮ್ಮೆ ಮೆರುಗು ಬಂತೋ, ಆಮೇಲೆ ನೀವು ಎಷ್ಟು ಗದರಿದರೂ ರಿಂಗು ಕೂರುವುದಿಲ್ಲ. ಸಿಲಿಂಡರ್ ಬಿಚ್ಚಿ ಮತ್ತೆ ಗೀರು ಹಾಕಬೇಕು. ಬಿಚ್ಚಿದ ಮೆಕ್ಯಾನಿಕ್ ಟಾರ್ಚ್ ಬಿಟ್ಟು ತೋರಿಸಿದ. ಒಳಗೆ ನನ್ನ ಮುಖ ಕಾಣುತ್ತಿತ್ತು. ಪಾಲುದಾರ ಇಣುಕಿ ‘ಎಷ್ಟು ಚೆನ್ನಾಗಿ ಹೊಳೀತಿದೆ!’ ಅಂದ. ಮೆಕ್ಯಾನಿಕ್ ಟಾರ್ಚ್ ಆರಿಸಿ ಟೀ ಕುಡಿಯಲು ಎದ್ದು ಹೋದ.

ಎರಡನೇ ಸಲ ಓಡಿಸುವ ಜವಾಬ್ದಾರಿ ನನಗೇ ಬಂತು. ರಿಂಗು ಕೂತು ಎಲ್ಲ ಹದಕ್ಕೆ ಬಂದ ಮೇಲೆ ಅಕ್ಕ ‘ಇವರನ್ನೂ ಒಂದು ರೌಂಡ್ ಕರ್ಕೊಂಡು ಹೋಗೋ’ ಅಂದಳು. ಭಾವನಿಗೆ ಕಾರುಗಳ ವಿಷಯದಲ್ಲಿ ಭಾರೀ ಜ್ಞಾನ. ಹತ್ತುವ ಮೊದಲೇ ಸೀಟಿನ ಹಿಂದಿನ ಬಾಟಲಿ ಕಣ್ಣಿಗೆ ಬಿತ್ತು.

‘ಇದೇನೋ?’

‘ಆಯಿಲ್, ಭಾವ. ಅಲ್ಲಿ ಇಳಿದಾಗ ಬೇಕಾದರೆ ಹಾಕ್ಕೊಂಡು ವಾಪಸ್ ಬರೋಕೆ.’

‘ಬೇಕಾದರೆ ಅಂದರೆ? ನನ್ನ ಕಾರಿಗೆ ಸರ್ವಿಸಿಂದ ಸರ್ವಿಸಿನವರೆಗೆ ಮುಚ್ಚಳ ತೆಗೆಯೋದೇ ಇಲ್ಲ!’

ನಿಮ್ಮದು ನೀರಿನಲ್ಲಿ ತಣಿಯುವ ಇಂಜಿನ್, ಶಾಖ ಹದ್ದುಬಸ್ತಿನಲ್ಲಿರುತ್ತೆ, ಸಂದಿಗಳನ್ನು ಬಿಗಿಯಾಗಿಡಬಹುದು ಎಂದೆ. ಇದು ಗಾಳಿಯಲ್ಲಿ ತಣಿಯುವಂಥದ್ದು. ಪಿಸ್ಟನ್ ಒಂದೊಂದೂ ಸುಮಾರು 13 ಸೆಂಟಿಮೀಟರ್ ಅಗಲ, ಅಲ್ಯೂಮಿನಿಯಂ. ಸಿಲಿಂಡರ್ ಗೋಡೆ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುವುದರಿಂದ ತಣ್ಣಗಿರುವಾಗ ಜಾಗ ಬಿಟ್ಟಿರಲೇಬೇಕು. ಆ ಜಾಗದಿಂದ ಒಂದಿಷ್ಟು ಆಯಿಲ್ ಮೇಲೆ ಹೋಗಿ ಉರಿಯುತ್ತದೆ. ‘5.2 ಲೀಟರ್ ಇಂಜಿನ್, 160 ಹಾರ್ಸ್‌ಪವರ್’ ಎಂದೆ. ‘ನನ್ನದು ಒಂದೂವರೆ ಲೀಟರಿನಲ್ಲೇ ಅಷ್ಟು ಕೊಡುತ್ತೆ’ ಎಂದರು ಭಾವ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮೇಲೇರಿದ ಮೇಲೆ ಅವರ ಧೈರ್ಯಕ್ಕೆಂದು ಹಳೆಯ ಕಥೆ ಹೇಳಿದೆ. ಮೊದಲ ಮಹಾಯುದ್ಧದ ರೋಟರಿ ಇಂಜಿನ್ನುಗಳಲ್ಲಿ ಸಿಲಿಂಡರುಗಳೇ ಗಿರಗಿರ ತಿರುಗುತ್ತಿದ್ದವು. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಎಣ್ಣೆ ಬೇಕೆಂದು ಹರಳೆಣ್ಣೆ ಹಾಕುತ್ತಿದ್ದರು. ಹಾಕಿದ್ದು ಸಂಪಿಗೆ ವಾಪಸಾಗುವ ಏರ್ಪಾಡೇ ಇಲ್ಲ, ಅಷ್ಟೂ ಗಾಳಿಪಾಲು. ಅದರ ಹಿಂದೆ ಮುಖ ಕೊಟ್ಟು ಕೂತ ಪೈಲಟ್ಟುಗಳು ಉಸಿರಿನ ಜತೆ ಅದನ್ನೇ ನುಂಗಬೇಕಿತ್ತು. ಹರಳೆಣ್ಣೆ ನುಂಗಿದರೆ ಆಗುವುದೇ ಅವರಿಗೂ ಆಗುತ್ತಿತ್ತು. ಕೇಳಿದ ಭಾವನ ಮುಖವೂ ಹರಳೆಣ್ಣೆ ಕುಡಿದಂತಾಯಿತು.

ಇನ್ನೊಂದು ಹೇಳಿ ಸರಿಪಡಿಸೋಣ ಎಂದುಕೊಂಡೆ. 1935ರ ಮೇ 15. ಆಸ್ಟ್ರೇಲಿಯಾದ ಹೆಸರಾಂತ ಪೈಲಟ್ ಕಿಂಗ್ಸ್‌ಫರ್ಡ್ ಸ್ಮಿತ್ ನಡೆಸುತ್ತಿದ್ದ ಮೂರು ಇಂಜಿನ್ನಿನ ವಿಮಾನ ‘ಸದರ್ನ್ ಕ್ರಾಸ್’ ಆಸ್ಟ್ರೇಲಿಯಾದಿಂದ ನ್ಯೂಜಿಲೆಂಡಿಗೆ ಹೊರಟು ಟಾಸ್ಮನ್ ಸಮುದ್ರದ ಮೇಲಿತ್ತು. ಬಲಗಡೆಯ ಪ್ರೊಪೆಲ್ಲರ್ ಮುರಿದು ಆ ಇಂಜಿನ್ ನಿಲ್ಲಿಸಬೇಕಾಯಿತು. ಸ್ವಲ್ಪ ಹೊತ್ತಿಗೆ ಎಡಗಡೆಯದು ಆಯಿಲ್ ಕುಡಿದು ಕುಡಿದು ಖಾಲಿ ಮಾಡತೊಡಗಿತು. ಜತೆಗಿದ್ದ ಸಹ ಪೈಲಟ್ ಪಿ. ಜಿ. ಟೇಲರ್ ವಿಮಾನದಿಂದ ಹೊರಗೆ ಇಳಿದು, ಭರ್ರೋ ಎನ್ನುವ ಗಾಳಿಯಲ್ಲಿ ಕಂಬಿಯ ಮೇಲೆ ಕಾಲಿಟ್ಟು ಹೋಗಿ, ನಿಂತ ಇಂಜಿನ್ನಿನ ಆಯಿಲನ್ನು ಥರ್ಮಾಸ್ ಫ್ಲಾಸ್ಕಿನ ಕವಚದಲ್ಲಿ ಹಿಡಿದು ತಂದು, ಎಡಗಡೆಯ ಇಂಜಿನ್ನಿಗೆ ಹಾಕಿದ. ಹೀಗೆ ಆರು ಸಲ. ಎಲ್ಲರೂ ಜೀವಂತವಾಗಿ ಸಿಡ್ನಿಗೆ ವಾಪಸಾದರು, ಅವನಿಗೆ ಪದಕವೂ ಬಂತು.

ಭಾವ ಕಿಟಕಿಯಿಂದ ರೆಕ್ಕೆಯ ಕಂಬಿ ನೋಡಿದರು. ಆಮೇಲೆ ಮುಂದೆ ನೋಡಿದರು.

‘ನಮ್ಮದು ಒಂದೇ ಇಂಜಿನ್ ಅಲ್ವೇನೋ? ಇನ್ನೊಂದರಿಂದ ತರೋದು ಅಂದರೆ ಎಲ್ಲಿಂದ?’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ರೆಶರ್ ಮೀಟರ್ ತೋರಿಸಿ, ಮುಳ್ಳು ಹಸಿರಿನಲ್ಲಿದ್ದರೆ ಚಿಂತೆಯಿಲ್ಲ ಎಂದೆ. ಪಂಪು ಗಾಳಿ ಎಳೆಯಲು ಶುರು ಮಾಡುವವರೆಗೂ ಅದು ಹಸಿರಿನಲ್ಲೇ ಇರುತ್ತದೆ, ಆಯಿಲ್ ಎಷ್ಟಿದೆ ಎಂದು ಅದಕ್ಕೆ ಗೊತ್ತೇ ಇಲ್ಲ ಎಂಬುದನ್ನು ಹೇಳಲಿಲ್ಲ. ಅವರು ಹೊರಗಿನ ಬೆಟ್ಟ, ಹೊಳೆ ಯಾವುದನ್ನೂ ನೋಡಲಿಲ್ಲ. ಮುಳ್ಳಿನ ಮೇಲೆ ಕಣ್ಣು ನೆಟ್ಟು ಆಗಾಗ ‘ಹಸಿರಲ್ಲಿದೆ’ ಎಂದು ವರದಿ ಒಪ್ಪಿಸುತ್ತ ಕೂತರು. ಇಳಿಯಲು ಅನುಮತಿ ಕೇಳೋಣವೆಂದು ನಾನು ರೇಡಿಯೋ ಬಟನ್ ಒತ್ತಿದ್ದೇ ತಡ, ನನಗಿಂತ ಮುಂಚೆ ಅವರ ದನಿ ಹೊರಟಿತು: ‘ಹಸಿರಲ್ಲೇ ಇದೆ ಕಣೋ!’

ಮತ್ತೊಮ್ಮೆ ಹೇಳಿ, ಎಂದರು ಟವರಿನವರು. ನಾನು ಬಟನ್ ಒತ್ತಿ ಬಾಯಿ ತೆರೆಯುವಷ್ಟರಲ್ಲಿ ಭಾವ ಮತ್ತೊಮ್ಮೆ ಹೇಳಿದರು.