ಚೀಸ್‌ಗೆ ಊರಿದೆ, ಅಕ್ಕಿಗೆ ಊರಿದೆ, ಕಾಫಿಗೆ ಯಾಕಿಲ್ಲ?

ದೊಡ್ಡ ದೊಡ್ಡ ಇಟಾಲಿಯನ್ ರೆಸ್ಟೋರೆಂಟ್‌ನೋರು ಮೆನು ಕಾರ್ಡಲ್ಲಿ ಕಾಫಿ ಬೆಳೆದ ಊರಿನ ಹೆಸರು ಹಾಕ್ಬೇಕು. ಮೂಡಿಗೆರೆ ಕಡೆ ಕಾಫಿ ತೋಟ ಮಾಡ್ಕೊಂಡಿರೋಳು ನಾನು, ಹಾಗಾಗಿ ನಂಗೆ ಇದು ಹೊಟ್ಟೆಪಾಡಿನ ವಿಷಯ ಹೌದು, ಆದ್ರೆ ಅಷ್ಟಕ್ಕೇ ಹೇಳ್ತಿಲ್ಲ. ಪೂರ್ತಿ ಓದಿ, ಆಮೇಲೆ ಜಗಳ ಆಡಿ.

ಮಗಳಿಗೆ ಪ್ರಮೋಷನ್ ಆಯ್ತು ಅಂತ ನಮ್ಮಿಬ್ರನ್ನೂ ಬೆಂಗಳೂರಲ್ಲಿ ಒಂದು ಹಳೇ ಇಟಾಲಿಯನ್ ರೆಸ್ಟೋರೆಂಟ್‌ಗೆ ಕರ್ಕೊಂಡು ಹೋಗಿದ್ಲು. ಅವಳು ಹುಟ್ಟೋಕೆ ಮುಂಚಿನಿಂದ ನಡೀತಿರೋ ಜಾಗವಂತೆ. ಬಿಳೀ ಟೇಬಲ್ ಕ್ಲಾತ್, ಕಿವಿಗೆ ಹೊಡೆಯೋ ಮ್ಯೂಸಿಕ್ ಇಲ್ಲ, ತಲೆ ನೆರೆತ ಸರ್ವರ್‌ಗಳು, ನಾವು ಎದ್ದು ಹೋಗೋದನ್ನೇ ಕಾಯ್ತಾ ಯಾರೂ ತಲೆ ಮೇಲೆ ನಿಂತ್ಕೊಳಲ್ಲ. ನಮ್ಮೆಜಮಾನ್ರು ಮೆನು ತೆಗ್ದು ರೇಟ್ ನೋಡಿ ಸುಮ್ನಾಗ್ಬಿಟ್ರು. ಮಗಳು "ಅಪ್ಪಾ, ಬಲಗಡೆ ನೋಡ್ಬೇಡಿ, ಎಡಗಡೆ ಏನಿದೆ ಓದಿ" ಅಂದ್ಲು.

ಎಡಗಡೆ ಓದ್ತಾ ಹೋದ್ರೆ ಬರೀ ಊರುಗಳ ಹೆಸರು. ಟೊಮೆಟೊ ವೆಸೂವಿಯಸ್ ಬೆಟ್ಟದ ಹತ್ರದ ಸಾನ್ ಮಾರ್ಜಾನೋದು, ವಿನೆಗರ್ ಮೊಡೆನಾದು, ರಿಸೊಟ್ಟೊ ಮಾಡೋ ಅಕ್ಕಿ ಆರ್ಬೋರಿಯೊ, ಅದೂ ಒಂದು ಊರಿನ ಹೆಸರೇ. ಚೀಸ್ ಪಾರ್ಮಿಜಾನೊ ರೆಜ್ಜಾನೊ. ಈ ಚೀಸ್ ಬಗ್ಗೆ ಸ್ವಲ್ಪ ಹೇಳ್ತೀನಿ ಯಾಕಂದ್ರೆ ನಂಗೆ ತುಂಬಾ ಹೊಟ್ಟೆಕಿಚ್ಚು ಆಗಿದ್ದು ಇದರ ಮೇಲೇ. ಪಾರ್ಮಾ, ರೆಜ್ಜೊ ಎಮಿಲಿಯಾ ಸುತ್ತಮುತ್ತಲ ಗೊತ್ತುಪಡಿಸಿದ ಜಾಗದಲ್ಲಿ ಕರೆದ ಹಾಲಲ್ಲಿ, ಅಲ್ಲೇ ಮಾಡಿದ್ರೆ ಮಾತ್ರ ಆ ಹೆಸರು. ಗಾಲಿ ಆಕಾರದ ಒಂದೊಂದು ಚೀಸ್ ಸುಮಾರು 40 ಕೆ.ಜಿ. ತೂಗುತ್ತೆ, ಅದಕ್ಕೆ 500 ಲೀಟರ್ ಮೇಲೆ ಹಾಲು ಬೇಕು, ಕಮ್ಮಿ ಅಂದ್ರೂ 12 ತಿಂಗಳು ಮಾಗಿಸ್ತಾರೆ, ಆಮೇಲೆ ಒಬ್ಬ ಪರಿಣಿತ ಸಣ್ಣ ಸುತ್ತಿಗೇಲಿ ತಟ್ಟಿ ಶಬ್ದ ಕೇಳಿ ಒಳಗೆ ಬಿರುಕು ಇದ್ಯಾ ಅಂತ ಹೇಳ್ತಾನೆ. ಪ್ರತಿ ಗಾಲಿಯ ಸಿಪ್ಪೆ ಮೇಲೆ ಮಾಡಿದ ಡೇರಿ ನಂಬರ್, ಮಾಡಿದ ತಿಂಗಳು, ವರ್ಷ ಎಲ್ಲಾ ಅಚ್ಚು ಹಾಕಿರ್ತಾರೆ. (ಸಸ್ಯಾಹಾರಿಗಳು ಗಮನಿಸಿ, ಇದಕ್ಕೆ ಹಾಲು ಗಟ್ಟಿ ಮಾಡೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ, ಕೇಳಿಕೊಂಡು ತಿನ್ನಿ, ತುಂಬಾ ಕಡೆ ಹೇಳೋದೇ ಇಲ್ಲ.)

ನಾನು ತಗೊಂಡಿದ್ದು ಕಾಚೊ ಎ ಪೆಪೆ ಅಂತ ರೋಮ್ ಕಡೆಯ ಪಾಸ್ತಾ. ಅದರಲ್ಲಿ ಇರೋದು ಪಾಸ್ತಾ, ಕುರಿ ಹಾಲಿನ ಪೆಕೊರಿನೊ ಚೀಸ್, ಕಾಳುಮೆಣಸು, ಅಷ್ಟೇ. ಕ್ರೀಮ್ ಇಲ್ಲ, ಬೆಳ್ಳುಳ್ಳಿ ಇಲ್ಲ, ದಪ್ಪಮೆಣಸಿನಕಾಯಿ ಇಲ್ಲ. ಪಾಸ್ತಾ ಬೇಯ್ಸಿದ ನೀರನ್ನೇ ತುರಿದ ಚೀಸ್‌ಗೆ ಹಾಕಿ ಕಲಸೋದು, ಬಿಸಿ ಸ್ವಲ್ಪ ಹೆಚ್ಚಾದ್ರೂ ಚೀಸ್ ಗಂಟು ಕಟ್ಟಿ ಕೆಟ್ಟೋಗುತ್ತೆ. ಬಾಯಿಗಿಟ್ಟ ತಕ್ಷಣ ಮೊದಲು ಸಿಕ್ಕಿದ್ದು ಮೆಣಸು. ಬಾಣಲೇಲಿ ಬೆಚ್ಚಗೆ ಮಾಡಿ ಆಗ ತಾನೇ ತರಿತರಿಯಾಗಿ ಕುಟ್ಟಿದ ಮೆಣಸು, ನಾಲಿಗೆಗಿಂತ ಮೊದ್ಲು ಮೂಗಿಗೆ ಹೊಡೀತು, ಖಾರ ನಿಧಾನಕ್ಕೆ ಗಂಟಲಲ್ಲಿ ಹತ್ತಿತು. ನಮ್ಮ ಸಿಲ್ವರ್ ಓಕ್ ಮರಕ್ಕೆ ಹಬ್ಬಿರೋ ಬಳ್ಳೀದು ಕೊಯ್ದು ಕಣದಲ್ಲಿ ಹರಡಿ ಮೂರ್ನಾಲ್ಕು ದಿನ ಬಿಸಿಲಿಗೆ ಒಣಗಿಸಿದಾಗ ಬರೋದೂ ಇದೇ ವಾಸನೆ. ವೆನಿಸ್ ವ್ಯಾಪಾರಿಗಳು ಮೆಣಸು ಮಾರಿ ಶ್ರೀಮಂತರಾದ್ರು, ಆ ಮೆಣಸು ಹೋಗಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಆ ತಟ್ಟೇಲಿ ನಮ್ಮ ಸೀಮೆಯ ಮೆಣಸಿಗೂ ಪಾಲಿದೆ ಅಂತ ಅನ್ನಿಸ್ತು. ಮೆನು ನೋಡಿದ್ರೆ ಚೀಸ್‌ಗೆ ರೋಮನೊ ಅಂತ ವಿಳಾಸ ಇದೆ, ಮೆಣಸಿಗೆ ಬರೀ "ಬ್ಲ್ಯಾಕ್ ಪೆಪ್ಪರ್".

ಅಷ್ಟೊಂದು ದುಡ್ಡು ಕೊಟ್ಟು ಅಷ್ಟೇ ಅಷ್ಟು ತಿಂದು ಬರ್ತೀರಲ್ಲ ಅಂತ ಊರಲ್ಲಿ ಕೇಳಿದ್ರು. ಅವರಿಗೂ ಹೇಳಿದೆ, ಇಲ್ಲೂ ಹೇಳ್ತೀನಿ, ಕೊಟ್ಟ ದುಡ್ಡಿಗೆ ನಂಗೆ ಒಂಚೂರೂ ಬೇಜಾರಿಲ್ಲ. ಇಷ್ಟು ವರ್ಷ ಗಿರಾಕಿಗಳು ಖಾರ ಹಾಕಿ, ಮಸಾಲೆ ಹಾಕಿ, ಕ್ರೀಮ್ ಸುರೀರಿ ಅಂತ ಕೇಳಿರ್ತಾರೆ, ಆದ್ರೂ ಬಗ್ಗದೆ ಅಡುಗೆನ ಅದು ಹೇಗಿರ್ಬೇಕೋ ಹಾಗೇ ಉಳಿಸ್ಕೊಂಡಿದಾರಲ್ಲ, ಅದಕ್ಕೆ ಬೆಲೆ ಇದೆ. ನಮ್ಮ ಕಡೆ ಕೆಲವು ರೆಸಾರ್ಟ್‌ಗಳಲ್ಲಿ ವೈಟ್ ಸಾಸ್ ಪಾಸ್ತಾ ಅಂತ ಮೈದಾ ಗಂಜಿ ಕೊಟ್ಟು ದುಡ್ಡು ಎಣಿಸ್ಕೊಳೋದನ್ನ ನೋಡಿರೋಳಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಕೊನೇಲಿ ಕಾಫಿ ಬಂತು. ಮೆನುವಲ್ಲಿ ಎಸ್ಪ್ರೆಸೊ ಅಂತ ಒಂದೇ ಪದ, ಮುಂದೆ ರೇಟು. ಊರಿಲ್ಲ, ಸೀಮೆ ಇಲ್ಲ, ತಳಿ ಇಲ್ಲ. ಸರ್ವರ್ ಅವರನ್ನ ಕರ್ದು "ಇದು ಎಲ್ಲಿ ಬೆಳೆದ ಕಾಫಿ ಅಣ್ಣಾ" ಅಂತ ಕೇಳಿದೆ. "ಇಟಲಿಯಿಂದ ಬರುತ್ತಮ್ಮಾ" ಅಂದ್ರು. ಇಟಲೀಲಿ ಹೇಳ್ಕೊಳೋ ಹಾಗೆ ಕಾಫಿ ತೋಟವೇ ಇಲ್ವಲ್ಲ! ಮ್ಯಾನೇಜರ್ ತುಂಬಾ ಮರ್ಯಾದೆಯಿಂದ ಡಬ್ಬಾನೇ ತಂದು ತೋರ್ಸಿದ್ರು, ಅರೇಬಿಕಾ, ರೋಬಸ್ಟಾ ಅನ್ನೋ ಎರಡು ಜಾತಿ ಕಾಫಿಯ ಬ್ಲೆಂಡ್, ಇಟಲೀಲಿ ಹುರಿದು ಪ್ಯಾಕ್ ಮಾಡಿದ್ದು, ಅಷ್ಟೇ ಬರ್ದಿದ್ದು.

ಈಗ ಲೆಕ್ಕ ಹಾಕಿ. ನಮ್ಮ ದೇಶದ ಕಾಫೀಲಿ ಮುಕ್ಕಾಲು ಪಾಲಿನ ಹತ್ತತ್ರ ಕರ್ನಾಟಕದ್ದೇ, ಅಂದ್ರೆ ಚಿಕ್ಕಮಗಳೂರು, ಕೊಡಗು, ಹಾಸನ. ಬೆಳೆದಿದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತೆ, ಅದನ್ನ ಎಲ್ಲರಿಗಿಂತ ಜಾಸ್ತಿ ಕೊಳ್ಳೋ ದೇಶ ಇಟಲಿ. ನಮ್ಮ ರೋಬಸ್ಟಾ ಮೇಲೆ ಅವರಿಗೆ ಪ್ರೀತಿ ಜಾಸ್ತಿ, ನೆರಳಲ್ಲಿ ಬೆಳೆದಿರೋದು, ಎಸ್ಪ್ರೆಸೊ ಮೇಲೆ ದಪ್ಪ ಕಂದು ನೊರೆ ಕಟ್ಟುತ್ತಲ್ಲ ಅದು ಒಳ್ಳೇ ರೋಬಸ್ಟಾ ಸೇರಿಸಿದ್ರೆ ಚೆನ್ನಾಗಿ ಬರುತ್ತೆ. ಸಕಲೇಶಪುರದಲ್ಲೋ ಆಲ್ದೂರಲ್ಲೋ ಯಾರೋ ಒಬ್ಬರು ಹೂಮಳೆ (ಕಾಫಿ ಗಿಡ ಹೂ ಬಿಡೋಕೆ ಬೇಕಾದ ಮಳೆ) ಕಾಯ್ದು, ಮಳೆ ಬರ್ದೇ ಹೋದ್ರೆ ರಾತ್ರಿಯೆಲ್ಲಾ ಸ್ಪ್ರಿಂಕ್ಲರ್ ಓಡ್ಸಿ, ಆಳು ಸಿಗ್ದೆ ಒದ್ದಾಡಿ ಕೊಯ್ದ ಹಣ್ಣಿನ ಬೀಜ ಹಡಗು ಹತ್ತಿ ಹೋಗಿ, ಡಬ್ಬಾ ಸೇರಿ, ಮತ್ತೆ ಬೆಂಗಳೂರಿಗೆ ಬಂದು ಇಳಿದಿರೋ ಸಾಧ್ಯತೆ ಚೆನ್ನಾಗೇ ಇದೆ. ಡಬ್ಬದ ಮೇಲೆ ಹುರಿದೋರ ಹೆಸರಿದೆ, ಬೆಳೆದ ಸೀಮೆ ಹೆಸರಿಲ್ಲ.

ಇದಕ್ಕೆ ಇಟಲಿಯೋರನ್ನ ಮಾತ್ರ ದೂರಿದ್ರೆ ಆಗಲ್ಲ. 1942ರ ಕಾಫಿ ಕಾಯ್ದೆ ಬಂದ್ಮೇಲೆ ನಮ್ಮ ಹಿರಿಯರು ಬೆಳೆದಿದ್ದನ್ನೆಲ್ಲಾ ಕಾಫಿ ಬೋರ್ಡ್ ಪೂಲ್‌ಗೇ ಕೊಡ್ಬೇಕಿತ್ತು. ಅಲ್ಲಿ ಕಾಫಿಯ ಜಾತಿ, ದರ್ಜೆ ನೋಡಿ ಪಾಯಿಂಟ್ ಲೆಕ್ಕ, ದುಡ್ಡು ಕಂತು ಕಂತಲ್ಲಿ. ನಮ್ಮಪ್ಪನ ಕಾಫಿ, ಪಕ್ಕದ ತೋಟದ ಕಾಫಿ, ಕೊಡಗಿನ ಕಾಫಿ ಎಲ್ಲಾ ಒಂದೇ ರಾಶಿ. ಬೆಲೆ ಬೀಳದ ಹಾಗೆ ಕಾಪಾಡ್ತು, ಅದು ನಿಜ, ಆದ್ರೆ ತೋಟದ ಹೆಸರು ಆ ರಾಶೀಲೇ ಮುಳುಗೋಯ್ತು. 1996ಕ್ಕೆ ಪೂರ್ತಿ ಮುಕ್ತ ಮಾರಾಟ ಬಂತು. ಅಷ್ಟರಲ್ಲಿ ಗೇಟಿಗೆ ಬಂದೋರಿಗೆ ಮೂಟೆ ಲೆಕ್ಕದಲ್ಲಿ ಕೊಟ್ಟು ಕೈ ತೊಳ್ಕೊಳೋ ಅಭ್ಯಾಸ ನಮಗೇ ಆಗ್ಬಿಟ್ಟಿತ್ತು. ರೇಟ್ ನಿರ್ಧಾರ ಮಾಡೋದೂ ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ, ರೋಬಸ್ಟಾಗೆ ಲಂಡನ್ ಮಾರುಕಟ್ಟೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿಐ ಟ್ಯಾಗ್ (ಆ ಸೀಮೇಲಿ ಬೆಳೆದಿದ್ದಕ್ಕೆ ಮಾತ್ರ ಆ ಹೆಸರು ಅನ್ನೋ ಮಾನ್ಯತೆ) ಸಿಕ್ತು. ಪಾರ್ಮಾದೋರ ಹತ್ರ ಇರೋಂಥ ಹಕ್ಕೇ ಅದು. ಅವರು ಸಿಪ್ಪೆ ಮೇಲೆ ಅಚ್ಚು ಹಾಕಿ ಜಗತ್ತಿಗೆಲ್ಲಾ ತೋರಿಸ್ತಾರೆ, ನಮ್ಮ ಜಿಐ ಹೆಸರನ್ನ ಚಿಕ್ಕಮಗಳೂರಿನ ಎಷ್ಟು ಹೋಟೆಲ್ ಮೆನುವಲ್ಲಿ ನೋಡಿದೀರಾ ಹೇಳಿ.

ಊರು ಬರೆದ್ರೆ, ಒಂದೇ ಊರಿನ ಕಾಫೀನ ಬೇರೆ ಲಾಟಾಗಿ ಕೊಂಡ್ರೆ ರೇಟ್ ಏರುತ್ತೆ ಅಂತಾರೆ ಹೋಟೆಲ್‌ನೋರು. ಒಂದು ಎಸ್ಪ್ರೆಸೊಗೆ ಎಂಟು ಗ್ರಾಂ ಪುಡಿ ಅಂದ್ಕೊಳಿ, ಕೆ.ಜಿ.ಗೆ ನೂರಿಪ್ಪತ್ತು ಕಪ್ ಮೇಲೇ ಬರುತ್ತೆ. ಹುರಿದಾಗ ತೂಕ ಐದರಲ್ಲೊಂದು ಪಾಲಿನವರೆಗೂ ಇಳಿಯುತ್ತೆ, ಅದನ್ನೂ ಸೇರಿಸ್ಕೊಳಿ. ಬೆಳೆಗಾರನಿಗೆ ಕೆ.ಜಿ. ಬೀಜಕ್ಕೆ ನೂರು ರೂಪಾಯಿ ಜಾಸ್ತಿ ಕೊಟ್ರೂ ಕಪ್ಪಿಗೆ ಬೀಳೋದು ಸುಮಾರು ಒಂದು ರೂಪಾಯಿ. ಇನ್ನೂರು ಮುನ್ನೂರು ರೂಪಾಯಿ ಕಾಫಿಗೆ ಒಂದು ರೂಪಾಯಿ ಸ್ವಾಮಿ!

ಆ ಮ್ಯಾನೇಜರ್ ಸ್ಯಾಂಪಲ್ ಕಳ್ಸಿ ನೋಡೋಣ ಅಂದಿದಾರೆ. ಈ ಸಲದ ಕೊಯ್ಲಲ್ಲಿ ಮೇಲಿನ ತೋಟದ ಎಸ್ 795 ಅನ್ನೋ ಅರೇಬಿಕಾ ತಳಿಯ ಹಣ್ಣನ್ನ ಬೇರೆ ಪಲ್ಪಿಂಗ್ ಮಾಡ್ಸಿ (ಸಿಪ್ಪೆ ಬಿಡಿಸಿ), ಬೇರೆ ಕಣದಲ್ಲಿ ಒಣಗಿಸಿ, ಬೇರೆ ಮೂಟೆ ಕಟ್ಟಿಡ್ತೀವಿ. ನಾವು ಯಾವಾಗ್ಲೂ ಕೊಡೋ ಕ್ಯೂರಿಂಗ್‌ನೋರು (ಒಣಗಿದ ಬೀಜದ ಹೊಟ್ಟು ತೆಗ್ದು ವಿಂಗಡಿಸೋರು) ಇಷ್ಟು ಸಣ್ಣ ಲಾಟ್ ಬೇರೆ ಮಾಡಕ್ಕಾಗಲ್ಲ, ಬೇರೆಯವರದ್ದರ ಜೊತೆ ಸೇರ್ಸಿ ಅಂದ್ರು. ಹಾಸನ, ಚಿಕ್ಕಮಗಳೂರು ಕಡೆ ನಾಲ್ಕೈದು ಮೂಟೆ ಪಾರ್ಚ್‌ಮೆಂಟ್‌ನ (ಹೊಟ್ಟು ತೆಗೀದೇ ಇರೋ ಬೀಜ) ಬೇರೆ ಲಾಟಾಗೇ ಕ್ಯೂರಿಂಗ್ ಮಾಡಿ, ಹೆಸರು ಹಾಕಿ ವಾಪಸ್ ಕೊಡೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ಕಾಮೆಂಟಲ್ಲಿ ಹೇಳಿ.